ಬೆಲೆ ಏರಿದಾಗ ಬಂಕ್ ಏಕೆ ಬರಿದಾಗುತ್ತದೆ?

ಇಂಧನದ ಕುರಿತು ನಮ್ಮ ಕಿವಿಗೆ ಬೀಳುವ ಸುದ್ದಿಗಳು ಎರಡು ಬಗೆಯವು. ಬೆಲೆ ಏರಲಿದೆ ಎಂಬುದು ಒಂದು. ನಾಳೆಯಿಂದ ಪೆಟ್ರೋಲ್ ಸಿಗುವುದಿಲ್ಲವಂತೆ ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ನಿಜವಾಗಿರುತ್ತದೆ, ಎರಡನೆಯದು ಹೆಚ್ಚಾಗಿ ಸುಳ್ಳಾಗಿರುತ್ತದೆ. ಆದರೆ ಇವೆರಡೂ ಒಂದೇ ಸಂಜೆ ಒಂದೇ ಮೊಬೈಲಿಗೆ ಬಂದಾಗ ನಾವು ಅವನ್ನು ಬೇರ್ಪಡಿಸಿ ನೋಡುವುದಿಲ್ಲ. ಸ್ಕೂಟರ್ ತೆಗೆದುಕೊಂಡು ಬಂಕ್‌ನ ಕಡೆಗೆ ಹೊರಡುತ್ತೇವೆ. ಬೆಲೆಯೇರಿಕೆಗೆ ಕಾರಣ ಬೇರೆ, ಬಂಕ್ ಬರಿದಾಗುವುದಕ್ಕೆ ಕಾರಣ ಬೇರೆ, ಮತ್ತು ಎರಡನೆಯದರಲ್ಲಿ ನಮ್ಮದೇ ಪಾಲು ದೊಡ್ಡದು ಎಂಬುದನ್ನು ಉದಾಹರಣೆಗಳ ಮೂಲಕ ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲಿಗೆ ನಾವು ಇರುವ ಜಾಗವನ್ನೇ ನೋಡೋಣ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯೊಳಗೆ ಇರುವಷ್ಟು ತೈಲ ದೇಶದ ಹೆಚ್ಚಿನ ಊರುಗಳ ಆಸುಪಾಸಿನಲ್ಲಿ ಇಲ್ಲ. ಪಣಂಬೂರಿನ ಬಂದರು ಇದೆ. ಅದರಾಚೆ, 1988ರಲ್ಲಿ ಸ್ಥಾಪನೆಗೊಂಡು ಇಂದು ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಪಡೆದಿರುವ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಇದೆ. ಪೆರ್ಮುದೆಯಲ್ಲಿ ಬಂಡೆ ಕೊರೆದು ಮಾಡಿದ 15 ಲಕ್ಷ ಟನ್ನಿನ ಭೂಗತ ಸಂಗ್ರಹಾಗಾರವಿದೆ. ಕಾಪು ತಾಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ನಿನದು ಇನ್ನೊಂದು. ದೇಶದ ಆಪತ್ಕಾಲದ ತೈಲ ಸಂಗ್ರಹದ ಮೊದಲ ಹಂತದ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಮೂರನೆಯ ಸಂಗ್ರಹಾಗಾರ ವಿಶಾಖಪಟ್ಟಣದಲ್ಲಿದೆ. ಅಂದರೆ ಆ ಒಟ್ಟು ಸಾಮರ್ಥ್ಯದ ಮುಕ್ಕಾಲು ಪಾಲು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ನೆಲದಡಿಯಲ್ಲೇ ಇದೆ. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಬಾರದು. ಈ ಲೆಕ್ಕಗಳ ಹಿಂದೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟ ಕುಟುಂಬಗಳಿವೆ; ದೈವಸ್ಥಾನಗಳನ್ನು ಬೇರೆಡೆಗೆ ಒಯ್ಯಬೇಕೇ ಎಂಬ ಸಂಕಟವನ್ನು ಉಂಡ ಊರುಗಳಿವೆ. ದೇಶದ ಇಂಧನ ಭದ್ರತೆ ಎಂಬ ಮಾತನ್ನು ಆಡುವಾಗಲೆಲ್ಲ ಅವರ ಋಣ ನಮ್ಮ ನೆನಪಿನಲ್ಲಿರಬೇಕು.

ಇಷ್ಟೆಲ್ಲ ತೈಲ ಮನೆಬಾಗಿಲಲ್ಲೇ ಇರುವಾಗ ನಮ್ಮ ಬಂಕ್‌ಗಳು ಬರಿದಾಗುವುದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ಪಾದೂರಿನ ಬಂಡೆಯೊಳಗೆ ಇರುವುದು ಕಚ್ಚಾತೈಲ; ಅದನ್ನು ಯಾವ ಸ್ಕೂಟರಿಗೂ ಹಾಕಲಾಗದು. ಅದು ಸಂಸ್ಕರಣಾಗಾರಕ್ಕೆ ಬಂದು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನವಾಗಿ ಬೇರ್ಪಡಬೇಕು. ಹಾಗೆ ಬೇರ್ಪಟ್ಟುದರಲ್ಲಿ ಒಂದು ಪಾಲು ಹಾಸನದ ಮೂಲಕ ಬೆಂಗಳೂರಿಗೆ ಹೋಗುವ 360 ಕಿಲೋಮೀಟರಿಗೂ ಮಿಕ್ಕಿದ ಉದ್ದದ ಕೊಳವೆಯಲ್ಲಿ ಘಟ್ಟ ಹತ್ತುತ್ತದೆ, ಒಂದು ಪಾಲು ಹಡಗು ಹತ್ತುತ್ತದೆ, ಇನ್ನೊಂದು ಪಾಲು ಡಿಪೋಗಳಿಗೆ ಸೇರಿ ಅಲ್ಲಿಂದ ಟ್ಯಾಂಕರ್ ಲಾರಿಗಳಲ್ಲಿ ನಿಮ್ಮ ಊರಿನ ಬಂಕ್‌ಗೆ ಬರುತ್ತದೆ. ಸಾಮಾನ್ಯವಾಗಿ ಒಂದು ಟ್ಯಾಂಕರ್ ತರುವುದು 12,000 ಅಥವಾ 20,000 ಲೀಟರ್. ಬಂಕ್‌ನ ಮಾಲೀಕರು ಮುಂಗಡ ಹಣ ಕಟ್ಟಿ ಇಂಡೆಂಟ್, ಅಂದರೆ ಬೇಡಿಕೆ, ಹಾಕಬೇಕು, ಲಾರಿ ಸಿಗಬೇಕು, ಚಾಲಕ ಬರಬೇಕು, ದಾರಿ ತೆರೆದಿರಬೇಕು. ಸಂಗ್ರಹಾಗಾರದಲ್ಲಿ ಎಷ್ಟು ತೈಲವಿದ್ದರೂ ಈ ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರಿನ ವ್ಯವಸ್ಥೆ ದಿನನಿತ್ಯದ ಮಾರಾಟದ ಅಳತೆಗೆ ಹೊಂದಿಕೊಂಡದ್ದು. ಅದು ಒಂದೇ ಸಂಜೆಗೆ ಹತ್ತು ಪಟ್ಟು ಹಿಗ್ಗುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಇದು ಊಹೆಯ ಲೆಕ್ಕ, ಯಾವುದೇ ನಿರ್ದಿಷ್ಟ ಬಂಕ್‌ನದ್ದಲ್ಲ. ಒಂದು ಬಂಕ್‌ಗೆ 2,000 ದ್ವಿಚಕ್ರ ವಾಹನಗಳು ಕಾಯಂ ಗಿರಾಕಿಗಳು. ಪ್ರತಿಯೊಬ್ಬರೂ ನಾಲ್ಕು ದಿನಕ್ಕೊಮ್ಮೆ ಬಂದು 2 ಲೀಟರ್ ಹಾಕಿಸುತ್ತಾರೆ ಎಂದುಕೊಳ್ಳಿ. ಆಗ ದಿನಕ್ಕೆ 500 ಸ್ಕೂಟರ್, 1,000 ಲೀಟರ್. ಈಗ ಒಂದು ಸುಳ್ಳು ಸುದ್ದಿ ಹಬ್ಬಿ, ಅಷ್ಟೂ ಜನ ಒಂದೇ ಸಂಜೆ ಬಂದು ತಲಾ 4 ಲೀಟರ್ ಹಾಕಿಸಿದರೆ 8,000 ಲೀಟರ್ ಬೇಕಾಗುತ್ತದೆ, ಅಂದರೆ ಎಂಟು ದಿನಗಳ ಮಾರಾಟ. ಅಂದು ಬೆಳಿಗ್ಗೆ ಬಂಕ್‌ನ ನೆಲದಡಿಯ ಟ್ಯಾಂಕಿನಲ್ಲಿ ಆರು ದಿನಗಳಿಗೆ ಸಾಲುವ 6,000 ಲೀಟರ್ ಇದ್ದರೂ ರಾತ್ರಿಯೊಳಗೆ ‘ನೋ ಸ್ಟಾಕ್’ ಬೋರ್ಡ್ ಬಿದ್ದೇ ಬೀಳುತ್ತದೆ. ಗಮನಿಸಿ, ಇಲ್ಲಿ ಒಬ್ಬರೂ ದಾಸ್ತಾನು ಮಾಡಿಲ್ಲ, ಒಬ್ಬರೂ ಕಾಳಸಂತೆಗೆ ಒಯ್ದಿಲ್ಲ, ಊರಿನ ನಿಜವಾದ ಬಳಕೆ ಒಂದು ಲೀಟರಿನಷ್ಟೂ ಹೆಚ್ಚಾಗಿಲ್ಲ. ಬಂಕ್‌ನ ಟ್ಯಾಂಕಿನಲ್ಲಿ ಇದ್ದ ಪೆಟ್ರೋಲ್ ಸ್ಕೂಟರುಗಳ ಟ್ಯಾಂಕಿಗೆ ಸ್ಥಳ ಬದಲಿಸಿದೆ, ಅಷ್ಟೇ. ಮರುದಿನ ಬೆಳಿಗ್ಗೆ ಆ ಬೋರ್ಡಿನ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ, ಹಿಂದಿನ ರಾತ್ರಿಯ ಸುಳ್ಳಿಗೆ ಅದು ಪುರಾವೆಯಾಗುತ್ತದೆ, ಮತ್ತು ಪಕ್ಕದ ಊರಿನ ಬಂಕ್‌ನಲ್ಲಿ ಸಾಲು ಶುರುವಾಗುತ್ತದೆ.

ಆ ಸಾಲಿನಲ್ಲಿ ನಿಂತವರನ್ನು ಅವಿವೇಕಿಗಳೆಂದು ಕರೆಯಲು ನಾನು ಸಿದ್ಧನಿಲ್ಲ. ಎಲ್ಲರೂ ಹೋಗುತ್ತಿರುವಾಗ ತಾನೊಬ್ಬ ಹೋಗದಿದ್ದರೆ ನಾಳೆ ಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವುದು ಹೇಗೆ ಎಂದು ಯೋಚಿಸುವ ತಂದೆಯ ಲೆಕ್ಕ ಅವನ ಮಟ್ಟಿಗೆ ಸರಿಯಾಗಿಯೇ ಇದೆ. ಒಬ್ಬೊಬ್ಬರ ಮಟ್ಟಿಗೆ ಸರಿಯಾದದ್ದು ಊರಿನ ಮಟ್ಟಿಗೆ ತಪ್ಪಾಗುವುದೇ ಈ ಸಮಸ್ಯೆಯ ಸ್ವಭಾವ. ಆದ್ದರಿಂದ ‘ಜನ ತಿಳಿದುಕೊಳ್ಳಬೇಕು’ ಎಂದು ಹೇಳಿ ಕೈತೊಳೆದುಕೊಳ್ಳುವ ಅಧಿಕಾರಿಗಳ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆ ತಂದೆಗೆ ಬೇಕಾದ ಮಾಹಿತಿಯನ್ನು ಯಾರು ಕೊಟ್ಟಿದ್ದಾರೆ ಎಂಬುದು ಕೇಳಬೇಕಾದ ಪ್ರಶ್ನೆ.

ಈಗ ಬೆಲೆಯ ವಿಚಾರಕ್ಕೆ ಬರುತ್ತೇನೆ. ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಪೆಟ್ರೋಲ್ ಬೆಲೆಯ ಮೇಲಿನ ಸರಕಾರದ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್‌ನದ್ದು 2014ರ ಅಕ್ಟೋಬರ್‌ನಲ್ಲಿ ತೆರವಾಯಿತು. ಆಮೇಲೂ ಕೆಲವು ವರ್ಷ ತೈಲ ಕಂಪನಿಗಳು ತಿಂಗಳ 1 ಮತ್ತು 16ನೇ ತಾರೀಕಿಗೆ ಬೆಲೆ ಪರಿಷ್ಕರಿಸುತ್ತಿದ್ದವು. ಆ ಕಾಲದ ಸಂಜೆಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ವಾರ್ತೆಯಲ್ಲಿ ‘ಮಧ್ಯರಾತ್ರಿಯಿಂದ ಪೆಟ್ರೋಲ್ ದುಬಾರಿ’ ಎಂದು ಬಂದ ಕೂಡಲೇ ಬಂಕ್‌ಗಳ ಮುಂದೆ ಸಾಲು ಬೆಳೆಯುತ್ತಿತ್ತು, ಮತ್ತು ಕೆಲವು ಕಡೆ ಒಂಬತ್ತು ಗಂಟೆಗೇ ದೀಪ ಆರುತ್ತಿತ್ತು. 2017ರ ಜೂನ್ 16ರಿಂದ ದೇಶದಾದ್ಯಂತ ದಿನನಿತ್ಯದ ಪರಿಷ್ಕರಣೆ ಬಂತು. ಏರಿಕೆ ದಿನಕ್ಕೆ ಕೆಲವು ಪೈಸೆಗಳಷ್ಟಾದಾಗ ಮಧ್ಯರಾತ್ರಿಯ ಸಾಲಿಗೆ ಅರ್ಥವೇ ಉಳಿಯಲಿಲ್ಲ. ಜನರ ಜೇಬಿಗೆ ಅದರಿಂದ ಉಳಿತಾಯವಾಯಿತೇ ಎಂಬುದು ಬೇರೆ ಚರ್ಚೆ. ಸಾಲು ಮಾತ್ರ ಕರಗಿತು.

ಆದರೆ ನಿಯಮದಲ್ಲಿ ಇದ್ದದ್ದು ನಡವಳಿಕೆಯಲ್ಲಿ ಉಳಿಯಲಿಲ್ಲ. 2021ರ ನವೆಂಬರ್ 4ರಿಂದ 137 ದಿನ ಬೆಲೆ ಅಲುಗಾಡಲಿಲ್ಲ. ಅದೇ ಅವಧಿಯಲ್ಲಿ ಉತ್ತರಪ್ರದೇಶವೂ ಸೇರಿದಂತೆ ಐದು ರಾಜ್ಯಗಳ ಚುನಾವಣೆ ನಡೆಯಿತು, ಉಕ್ರೇನಿನಲ್ಲಿ ಯುದ್ಧವೂ ಆರಂಭವಾಯಿತು. ಕಚ್ಚಾತೈಲದ ಬೆಲೆ ಏರುತ್ತಿದ್ದರೂ ಬಂಕ್‌ನ ಬೆಲೆ ನಿಂತೇ ಇದ್ದುದರಿಂದ, ಚುನಾವಣೆ ಮುಗಿದ ಮೇಲೆ ಒಟ್ಟಿಗೆ ಏರುತ್ತದೆ ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಮಾರ್ಚ್ 22ರಂದು 80 ಪೈಸೆ ಏರಿತು. ಏಪ್ರಿಲ್ 6ರ ಹೊತ್ತಿಗೆ ಒಟ್ಟು ಏರಿಕೆ ಲೀಟರಿಗೆ 10 ರೂಪಾಯಿ. ಆ ದಿನಗಳಲ್ಲಿ ಹಿಂದಿನ ರಾತ್ರಿ ಸಾಲಿನಲ್ಲಿ ನಿಂತು 5 ಲೀಟರ್ ತುಂಬಿಸಿದ ಸ್ಕೂಟರ್ ಸವಾರನಿಗೆ ಉಳಿದದ್ದು 4 ರೂಪಾಯಿ. ಅರ್ಧ ಗಂಟೆ ಎಂಜಿನ್ ಚಾಲೂ ಇಟ್ಟು ಹೆಜ್ಜೆಹೆಜ್ಜೆಗೆ ಮುಂದೆ ಸರಿದಿದ್ದರೆ ಆ ನಾಲ್ಕು ರೂಪಾಯಿಯ ದೊಡ್ಡ ಪಾಲು ಅಲ್ಲಿಯೇ ಹೊಗೆಯಾಗಿರುತ್ತದೆ.

ಇದನ್ನೇ ಬಂಕ್ ಮಾಲೀಕರ ಕಡೆಯಿಂದಲೂ ನೋಡಬೇಕು, ಏಕೆಂದರೆ ನಮ್ಮ ಸಿಟ್ಟು ಮೊದಲು ಬೀಳುವುದು ಅವರ ಮೇಲೆ, ಅದಕ್ಕಿಂತಲೂ ಮೊದಲು ಅಲ್ಲಿ ನಳಿಕೆ ಹಿಡಿದು ನಿಂತ ಹುಡುಗನ ಮೇಲೆ. ನೆಲದಡಿಯಲ್ಲಿ 20,000 ಲೀಟರ್ ಇರುವಾಗ 80 ಪೈಸೆ ಏರಿದರೆ ಮಾಲೀಕರಿಗೆ 16,000 ರೂಪಾಯಿ ಲಾಭವಾಗುವುದು ನಿಜ. ಆದರೆ 2022ರ ಮೇ 21ರ ಸಂಜೆ ಕೇಂದ್ರ ಸರಕಾರ ಪೆಟ್ರೋಲಿನ ಅಬಕಾರಿ ಸುಂಕವನ್ನು 8 ರೂಪಾಯಿ ಇಳಿಸಿದಾಗ ಅಷ್ಟೇ ದಾಸ್ತಾನು ಇದ್ದವರಿಗೆ, ಸುಂಕದ ಲೆಕ್ಕದಲ್ಲಿ ಮಾತ್ರವೇ, 1.6 ಲಕ್ಷ ರೂಪಾಯಿ ನಷ್ಟವಾಯಿತು. ಹಿಂದಿನ ದರಕ್ಕೆ ಕೊಂಡ ಲೋಡನ್ನು ಅವರು ಮರುದಿನ ಹೊಸ ದರಕ್ಕೆ ಮಾರಬೇಕಾಯಿತು. ಅದೇ ತಿಂಗಳ 31ರಂದು ಹಲವು ರಾಜ್ಯಗಳ ಡೀಲರುಗಳು, 2017ರಿಂದ ತಮ್ಮ ಕಮಿಷನ್ ಪರಿಷ್ಕರಣೆಯಾಗಿಲ್ಲವೆಂದು ಒಂದು ದಿನ ಇಂಧನ ಖರೀದಿಸದೆ ಪ್ರತಿಭಟಿಸಿದರು. ಇಳಿಕೆಯ ನಿರೀಕ್ಷೆಯಿದ್ದಾಗ ದಾಸ್ತಾನು ತಗ್ಗಿಸುವುದು ವ್ಯಾಪಾರಿಗೆ ಸಹಜ. ಅಂಥ ಹೊತ್ತಿನಲ್ಲಿ ಗಾಳಿಸುದ್ದಿ ಬಂದರೆ ಬಂಕ್ ಇನ್ನೂ ಬೇಗ ಖಾಲಿಯಾಗುವುದೂ ಸಹಜ.

2022ರ ಜೂನ್‌ನಲ್ಲಿ ನಡೆದದ್ದು ನನ್ನ ಮಟ್ಟಿಗೆ ಈ ಇಡೀ ವಿಷಯದ ಮುಖ್ಯ ಪಾಠ. ಏಪ್ರಿಲ್ 6ರ ಬಳಿಕ, ಸುಂಕದ ಇಳಿಕೆಯೊಂದನ್ನು ಬಿಟ್ಟರೆ, ಬೆಲೆ ಮತ್ತೆ ನಿಂತಿತು, ಹೊರಗಿನ ಮಾರುಕಟ್ಟೆಯಲ್ಲಿ ಏರುತ್ತಲೇ ಹೋಯಿತು. ಮಾರಿದಷ್ಟೂ ನಷ್ಟವಾದುದರಿಂದ ಖಾಸಗಿ ಕಂಪನಿಗಳ ಬಂಕ್‌ಗಳು ಮಾರಾಟವನ್ನು ಕುಗ್ಗಿಸಿದವು. ಸಗಟು ಡೀಸೆಲ್‌ನ ದರ ಬಂಕ್‌ನ ದರಕ್ಕಿಂತ ಬಹಳ ಮೇಲಿದ್ದ ಕಾರಣ, ನೇರವಾಗಿ ಡಿಪೋದಿಂದ ತರಿಸುತ್ತಿದ್ದ ದೊಡ್ಡ ಬಳಕೆದಾರರು ಕೂಡ ಬಂಕ್‌ಗಳಿಗೆ ಬಂದರು. ಆ ಭಾರವೆಲ್ಲ ಸರಕಾರಿ ಸ್ವಾಮ್ಯದ ಕಂಪನಿಗಳ ಬಂಕ್‌ಗಳ ಮೇಲೆ ಬಿತ್ತು. ಬೇಡಿಕೆ ವಿಪರೀತವಾಗಿ ಏರಿದ ರಾಜ್ಯಗಳೆಂದು ಪೆಟ್ರೋಲಿಯಂ ಸಚಿವಾಲಯ ಹೆಸರಿಸಿದವುಗಳಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳ ಜೊತೆಗೆ ಕರ್ನಾಟಕವೂ ಇತ್ತು. ದೇಶದಲ್ಲಿ ಇಂಧನದ ಉತ್ಪಾದನೆಗೆ ಕೊರತೆ ಇರಲಿಲ್ಲ; ಆದರೂ ಬಂಕ್‌ಗಳು ಬರಿದಾದವು. ಏರಿದ ಬೆಲೆ ಬಡವನನ್ನು ಹಿಂಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃತಕವಾಗಿ ತಡೆಹಿಡಿದ ಬೆಲೆ ಬಂಕ್‌ನ್ನೇ ಮುಚ್ಚಿಸುತ್ತದೆ, ಮತ್ತು ಬಂಕ್ ಮುಚ್ಚಿದ ದಿನ ಬಡವನಿಗೆ ಯಾವ ಬೆಲೆಗೂ ಇಂಧನ ಸಿಗುವುದಿಲ್ಲ. ಬೆಲೆಯ ಹೊರೆ ಇಳಿಸಬೇಕಾದರೆ ಸರಕಾರಗಳ ಕೈಯಲ್ಲಿ ನೇರವಾದ ದಾರಿ ತೆರಿಗೆಯದು. 2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿದಾಗ ರಾಜ್ಯವೂ ಲೀಟರಿಗೆ 7 ರೂಪಾಯಿ ಇಳಿಸಿತ್ತು. 2024ರ ಜೂನ್‌ನಲ್ಲಿ ಅದೇ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. ಎರಡು ದಿಕ್ಕಿನಲ್ಲೂ ನಿರ್ಧಾರ ರಾತ್ರೋರಾತ್ರಿ ಜಾರಿಯಾಯಿತು.

ಬೆಲೆಗೆ ಸಂಬಂಧವೇ ಇಲ್ಲದೆ ನೂಕುನುಗ್ಗಲು ಉಂಟಾದ ಪ್ರಸಂಗವನ್ನೂ ನೋಡೋಣ. 2024ರ ಜನವರಿ 1 ಮತ್ತು 2ರಂದು, ಅಪಘಾತ ಮಾಡಿ ಪರಾರಿಯಾದರೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ ಹೊಸ ಕಾನೂನಿನ ವಿರುದ್ಧ ಟ್ರಕ್ ಚಾಲಕರು ಹಲವು ರಾಜ್ಯಗಳಲ್ಲಿ ಮುಷ್ಕರ ಹೂಡಿದರು. ಟ್ಯಾಂಕರ್ ಚಾಲಕರೂ ಅದರಲ್ಲಿದ್ದರು. ಮುಷ್ಕರದ ಸುದ್ದಿ ಹರಡಿದ ಕೆಲವೇ ಗಂಟೆಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ ಎಷ್ಟೋ ನಗರಗಳಲ್ಲಿ ಕಿಲೋಮೀಟರ್‌ಗಟ್ಟಲೆ ಸಾಲು ಬೆಳೆಯಿತು. ಚಂಡೀಗಢದ ಆಡಳಿತ ದ್ವಿಚಕ್ರ ವಾಹನಕ್ಕೆ 2 ಲೀಟರ್, ಕಾರಿಗೆ 5 ಲೀಟರ್ ಎಂದು ಮಿತಿ ಹಾಕಿತು. ಎರಡನೆಯ ದಿನ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿ ಸಾಗಣೆದಾರರ ಸಂಘಟನೆಯೊಡನೆ ಮಾತುಕತೆ ನಡೆಸಿ ಭರವಸೆ ಕೊಟ್ಟ ಮೇಲೆ ಮುಷ್ಕರ ಸಡಿಲಾಯಿತು. ಮುಷ್ಕರದ ಆ ಎರಡು ದಿನಗಳನ್ನು ಬಂಕ್‌ಗಳ ದಾಸ್ತಾನು ಬಹುಮಟ್ಟಿಗೆ ತಾಳಿಕೊಳ್ಳುತ್ತಿತ್ತು. ತಾಳಲಾಗದೆ ಹೋದದ್ದು ಆತಂಕದ ಆ ಗಂಟೆಗಳನ್ನು. 2021ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದೂ ಹೀಗೆಯೇ. ಲಾರಿ ಚಾಲಕರ ಅಭಾವದಿಂದ ಕೆಲವೇ ಬಂಕ್‌ಗಳು ಮುಚ್ಚಬೇಕಾಗಬಹುದೆಂಬ ಸುದ್ದಿ ಹೊರಬಿದ್ದು, ವಾರದೊಳಗೆ ಸಾವಿರಾರು ಬಂಕ್‌ಗಳು ಒಣಗಿ, ಅಕ್ಟೋಬರ್ 4ರಿಂದ ಸೈನ್ಯದ ಚಾಲಕರು ಟ್ಯಾಂಕರ್ ಓಡಿಸಬೇಕಾಯಿತು. ಇವಕ್ಕೆ ಎದುರಾಗಿ 2022ರ ಶ್ರೀಲಂಕಾವನ್ನು ಇಟ್ಟು ನೋಡಿ. ಅಲ್ಲಿ ಆಮದಿಗೆ ಕೊಡಲು ವಿದೇಶಿ ವಿನಿಮಯವೇ ಇರಲಿಲ್ಲ. ಕ್ಯೂಆರ್ ಕೋಡ್ ಮೂಲಕ ವಾರಕ್ಕಿಷ್ಟು ಎಂದು ಪಡಿತರ ತರಬೇಕಾಯಿತು. ಅದು ನಿಜವಾದ ಅಭಾವ. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ಪರಿಹಾರ ತಪ್ಪುತ್ತದೆ.

ನಮ್ಮ ಕರಾವಳಿಯಲ್ಲಿಯೇ ಇನ್ನೊಂದು ಬಗೆಯ ಉದಾಹರಣೆಗಳಿವೆ, ಇವು ನನಗೆ ಬಹಳ ಮುಖ್ಯವೆನಿಸುತ್ತವೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮುಗಿದ ಕೂಡಲೇ ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಕಡಲಿಗಿಳಿಯುತ್ತವೆ. ಆಳಸಮುದ್ರಕ್ಕೆ ಹೋಗುವ ಒಂದೊಂದು ಬೋಟೂ ಸಾವಿರಾರು ಲೀಟರ್ ಡೀಸೆಲ್ ತುಂಬಿಸಿಕೊಳ್ಳುತ್ತದೆ. ಬೇಡಿಕೆ ಸೊನ್ನೆಯಿಂದ ಶಿಖರಕ್ಕೆ ಜಿಗಿಯುವ ದಿನಗಳವು. ಆದರೂ ಅಂದು ಊರಿನಲ್ಲಿ ಗಾಬರಿ ಇರುವುದಿಲ್ಲ, ಏಕೆಂದರೆ ತಾರೀಕು ಎಲ್ಲರಿಗೂ ಮೊದಲೇ ಗೊತ್ತು, ಡೀಸೆಲ್ ಮೊದಲೇ ಬಂದಿರುತ್ತದೆ. ತಲಪಾಡಿಯ ಗಡಿಯನ್ನು ನೋಡಿ. ಕೇರಳದಲ್ಲಿ ತೆರಿಗೆ ಹೆಚ್ಚು. 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಕೂಡ ಸೇರಿತು. ಆದ್ದರಿಂದ ಕಾಸರಗೋಡಿನ ಕಡೆಯ ವಾಹನಗಳು ಗಡಿಯ ಈಚೆ ಬಂದು ಟ್ಯಾಂಕ್ ತುಂಬಿಸುತ್ತವೆ. ಬೆಲೆಯ ಆಸೆಗೆ ಬಂದ ಆ ಸಾಲಿನಿಂದ ಅಲ್ಲಿನ ಬಂಕ್‌ಗಳು ಖಾಲಿಯಾಗುವುದಿಲ್ಲ, ಏಕೆಂದರೆ ನಾಳೆಯೂ ಅಷ್ಟೇ ಜನ ಬರುತ್ತಾರೆಂದು ಅವುಗಳಿಗೆ ತಿಳಿದಿದೆ. ಎಷ್ಟೇ ದೊಡ್ಡ ಬೇಡಿಕೆಯಾದರೂ ಮುಂಚಿತವಾಗಿ ತಿಳಿದಿದ್ದರೆ ಪೂರೈಕೆ ಅದಕ್ಕೆ ಹೊಂದಿಕೊಳ್ಳುತ್ತದೆ.

ಹೊಂದಿಕೊಳ್ಳಲಾಗದ ದಿನ ಕಷ್ಟಪಡುವವರು ಯಾರು? ಕಾರಿನ 40 ಲೀಟರ್ ಟ್ಯಾಂಕ್ ತುಂಬಿಸಿ ಮನೆಯ ಅಂಗಳದಲ್ಲಿ ನಿಲ್ಲಿಸಲು ಶಕ್ತಿಯಿದ್ದವರಲ್ಲ. ದಿನದ ದುಡಿಮೆಯಿಂದಲೇ ದಿನದ ಇಂಧನ ಕೊಳ್ಳುವ ರಿಕ್ಷಾ ಚಾಲಕರು, ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಮನೆಮನೆಗೆ ಊಟ ತಲುಪಿಸುವ ಹುಡುಗರು, ನಸುಕಿಗೆ ದಕ್ಕೆಯಿಂದ ಮೀನು ತಂದು ಒಳನಾಡಿನಲ್ಲಿ ಮಾರುವವರು. ಅವರ ಕೈಯಲ್ಲಿ ಮುಂಗಡ ತುಂಬಿಸಲು ಹಣವಿಲ್ಲ, ಸಾಲಿನಲ್ಲಿ ಎರಡು ಗಂಟೆ ನಿಂತರೆ ಅಂದಿನ ಸಂಪಾದನೆಯೇ ಇಲ್ಲ. 1979ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಕೆಲವು ರಾಜ್ಯಗಳು, ಅರ್ಧ ತುಂಬಿದ ಟ್ಯಾಂಕಿಗೆ ಮತ್ತೆ ಮತ್ತೆ ತುಂಬಿಸುವುದನ್ನು ತಡೆಯಲು, ಕನಿಷ್ಠ ಇಷ್ಟು ಮೊತ್ತದ್ದು ಕೊಳ್ಳಲೇಬೇಕೆಂಬ ನಿಯಮ ತಂದಿದ್ದವು. ಕಾಗದದ ಮೇಲೆ ಅದು ಜಾಣ ಉಪಾಯ. ನಮ್ಮಲ್ಲಿ ಅದನ್ನು ತಂದರೆ ನೂರು ರೂಪಾಯಿಯ ಗಿರಾಕಿ ಹೊರಗುಳಿಯುತ್ತಾನೆ. ಅದನ್ನು ಯಾರೇ ಸೂಚಿಸಿದರೂ ವಿರೋಧಿಸಬೇಕು. ಚಂಡೀಗಢದ ಗರಿಷ್ಠ ಮಿತಿ ಅದಕ್ಕಿಂತ ಮೇಲು, ಆದರೆ ಒಂದೆರಡು ದಿನಕ್ಕೆ ಮಾತ್ರ. ಹೆಚ್ಚು ದಿನ ಇಟ್ಟರೆ ಅದೇ ಜನ ದಿನವೂ ಸಾಲಿಗೆ ಬರಬೇಕಾಗುತ್ತದೆ.

ಕ್ಯಾನ್‌ಗಳ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಅಡಿಕೆ ಬೆಳೆಗಾರರಿಗೆ ಮಳೆಗಾಲದಲ್ಲಿ ಮದ್ದು ಬಿಡುವ ಪಂಪಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಬೇಕು. ಅವರು ಕ್ಯಾನ್ ಹಿಡಿದು ಬರುವುದು ನ್ಯಾಯವಾದ ಅಗತ್ಯ. ಆದರೆ ಗಾಬರಿಯ ದಿನಗಳಲ್ಲಿ ನೀರಿನ ಬಾಟಲಿ, ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ ಎಲ್ಲವೂ ಬಂಕ್‌ಗೆ ಬರುತ್ತವೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್; ಅದೂ ಭದ್ರ ಮುಚ್ಚಳವಿರುವ, ಗಾಜಿನದಾದರೆ 1 ಲೀಟರಿಗೆ, ಲೋಹದ್ದಾದರೆ 25 ಲೀಟರಿಗೆ ಮೀರದ ಪಾತ್ರೆಯಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದಲ್ಲೇ ಹರಿದು, ಅಡುಗೆಮನೆಯ ಬೆಂಕಿಯನ್ನು ಹುಡುಕಿಕೊಂಡು ಹೋಗಬಲ್ಲದು. 2021ರ ಮೇಯಲ್ಲಿ ಅಮೆರಿಕದ ಒಂದು ದೊಡ್ಡ ಕೊಳವೆಮಾರ್ಗ ಸೈಬರ್ ದಾಳಿಯಿಂದ ನಿಂತಾಗ, ಪ್ಲಾಸ್ಟಿಕ್ ಚೀಲಗಳಲ್ಲಿ ಪೆಟ್ರೋಲ್ ತುಂಬಬೇಡಿ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಬೇಕಾಯಿತು. ಮಂಚದಡಿಯಲ್ಲಿ ಇಟ್ಟ ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಉಳಿಸುವ ಹಣವನ್ನು ಆ ಮನೆಯ ಮಕ್ಕಳ ಎದುರಿಗಿಟ್ಟು ತೂಗಿ ನೋಡಿ ಎಂದಷ್ಟೇ ನಾನು ಕೇಳಿಕೊಳ್ಳುತ್ತೇನೆ.

ಹಾಗಾದರೆ ಏನು ಮಾಡಬಹುದು? 1973–74ರಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಜಿಗಿದಾಗ, ಅಮೆರಿಕದ ಆರೆಗಾನ್ ರಾಜ್ಯದ ಬಂಕ್‌ಗಳು ಬಣ್ಣದ ಬಾವುಟ ಹಾರಿಸಿದವು. ಹಸಿರಾದರೆ ಎಲ್ಲರಿಗೂ ಉಂಟು, ಹಳದಿಯಾದರೆ ತುರ್ತು ಮತ್ತು ವಾಣಿಜ್ಯ ವಾಹನಗಳಿಗೆ ಮಾತ್ರ, ಕೆಂಪಾದರೆ ಇಲ್ಲ. ಬಾವುಟದಿಂದ ಒಂದು ಲೀಟರೂ ಹೆಚ್ಚಾಗಲಿಲ್ಲ. ಆದರೆ ದೂರದಿಂದಲೇ ನೋಡಿ ಮುಂದೆ ಹೋಗಬಹುದಾದ್ದರಿಂದ ಕುರುಡು ಸಾಲು ಬೆಳೆಯಲಿಲ್ಲ. ನಮ್ಮಲ್ಲಿ ಬರುವ ಪ್ರಕಟಣೆಗಳು ಬೇರೆ ರೀತಿಯವು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ನಡೆದಾಗ, ದೇಶದಲ್ಲಿ ಸಾಕಷ್ಟು ದಾಸ್ತಾನಿದೆ, ಆತಂಕದಿಂದ ಖರೀದಿಸುವ ಅಗತ್ಯವಿಲ್ಲ ಎಂದು ಇಂಡಿಯನ್ ಆಯಿಲ್ ಪ್ರಕಟಿಸಿತು. ಆ ಮಾತು ನಿಜವಾಗಿತ್ತು, ಸಕಾಲಿಕವೂ ಆಗಿತ್ತು. ಆದರೆ ದೇಶದಲ್ಲಿ ಇದೆ ಎಂದರೆ ಬಂಟ್ವಾಳದಲ್ಲಿ ಇದೆಯೇ, ಕುಂದಾಪುರದಲ್ಲಿ ಇದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ‘ಆತಂಕ ಬೇಡ’ ಎಂಬ ಒಂದೇ ವಾಕ್ಯವನ್ನು ಕೇಳಿದ ಮನುಷ್ಯ ಆತಂಕಪಡಲು ಏನೋ ಕಾರಣ ಇರಬೇಕು ಎಂದುಕೊಳ್ಳುತ್ತಾನೆ.

ಆದ್ದರಿಂದ ನನ್ನ ಕೋರಿಕೆ ನಿರ್ದಿಷ್ಟವಾದದ್ದು. ಇಂಥ ಸುದ್ದಿ ಹಬ್ಬಿದ ದಿನ ಎರಡೂ ಜಿಲ್ಲಾಡಳಿತಗಳು ಸಂಜೆಯೊಳಗೆ, ತಾಲೂಕುವಾರು, ಎಷ್ಟು ಬಂಕ್‌ಗಳಲ್ಲಿ ದಾಸ್ತಾನಿದೆ, ಖಾಲಿಯಾದ ಬಂಕ್‌ಗೆ ಮುಂದಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಪಟ್ಟಿಯನ್ನು ಹೊರಡಿಸಬೇಕು. ‘ನೋ ಸ್ಟಾಕ್’ ಎಂದು ಬರೆಯುವ ಬಂಕ್ ಅದರ ಕೆಳಗೆ ‘ಲೋಡ್ ನಾಳೆ ಬೆಳಿಗ್ಗೆ’ ಎಂದು ಇನ್ನೊಂದು ಸಾಲು ಬರೆಯಬೇಕು. ಆಂಬುಲೆನ್ಸ್, ಹಾಲಿನ ವಾಹನ, ಬಸ್ಸುಗಳಿಗಾಗಿ ಪ್ರತಿ ತಾಲೂಕಿನ ಕೆಲವು ಬಂಕ್‌ಗಳಲ್ಲಿ ಒಂದಷ್ಟು ಮೀಸಲಿಡಬೇಕು. ನಮ್ಮ ಎರಡು ಜಿಲ್ಲೆಗಳು ಖಾಸಗಿ ಬಸ್ಸುಗಳನ್ನೇ ನಂಬಿರುವುದರಿಂದ ಬಸ್ಸು ನಿಂತರೆ ಸ್ಕೂಟರ್ ಇಲ್ಲದವರ ದಿನವೂ ನಿಲ್ಲುತ್ತದೆ. ಇದಕ್ಕೆಲ್ಲ ಹೊಸ ಕಾನೂನು ಬೇಕಾಗಿಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ, ಅದರಡಿಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಪೂರೈಕೆಯ ಕುರಿತು 2005ರ ಆದೇಶವೂ ಇದೆ.

ಮಳೆಗಾಲಕ್ಕೆ ಮುಂಚೆ ಜಿಲ್ಲಾಡಳಿತ ಮುಂಗಾರು ಸಿದ್ಧತೆಯ ಸಭೆ ನಡೆಸುತ್ತದೆ. ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚುವುದನ್ನು 2018ರಿಂದ ಈಚೆಗೆ ಮತ್ತೆ ಮತ್ತೆ ಕಂಡಿದ್ದೇವೆ. ಘಾಟಿ ಮುಚ್ಚಿದ ಸುದ್ದಿಯ ಬೆನ್ನಿಗೆ ಇಂಧನ ಬರುವುದಿಲ್ಲವಂತೆ ಎಂಬ ಮಾತೂ ಹುಟ್ಟಬಹುದು. ನಮಗೆ ಇಂಧನ ಬರುವುದು ಘಟ್ಟದ ಈಚೆಯಿಂದಲೇ ಎಂಬುದನ್ನು ಅಂದು ಮೊದಲು ಹೇಳಬೇಕಾದವರು ಜಿಲ್ಲಾಡಳಿತದವರು. ಈ ವಿಷಯವನ್ನು ಆ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುವ ಮನವಿಯ ಕರಡನ್ನು ತಂದಿದ್ದೇನೆ. ನಿಮ್ಮಲ್ಲಿ ಬಂಕ್ ನಡೆಸುವವರು, ಟ್ಯಾಂಕರ್ ಓಡಿಸುವವರು, ರಿಕ್ಷಾ ಸಂಘದವರು ಇದ್ದರೆ ದಯವಿಟ್ಟು ಅದನ್ನು ಓದಿ, ನಿಮ್ಮ ಊರಿನ ಬಂಕ್‌ಗೆ ಲೋಡ್ ಬರುವ ದಾರಿ ಮತ್ತು ಹೊತ್ತನ್ನು ಅದರ ಹಿಂಬದಿಯಲ್ಲಿ ಬರೆದುಕೊಡಿ.